ಅನುಮಾನಕ್ಕೂ ಒಂದು ಡ್ಯೂಟಿ

ಯಾವ ವಾರ್ಡಿಗೆ ಹೋದರೂ ಎಳ್ಳಷ್ಟೂ ಅನುಮಾನವಿಲ್ಲದ ಒಬ್ಬರು ಸಿಗುತ್ತಾರೆ: ಎರಡು ಎಳನೀರು ಹಿಡಿದು ರೋಗಿಯನ್ನು ನೋಡಲು ಬಂದ ಸೋದರಮಾವ. ಡ್ರಿಪ್ ನಿಧಾನ, ಮಾತ್ರೆ ಉಷ್ಣ, ಡಾಕ್ಟರಿಗೆ ಅನುಭವ ಸಾಲದು ಎಂದು ಐದು ನಿಮಿಷದಲ್ಲಿ ಮೂರು ತೀರ್ಪು ಕೊಟ್ಟು ಅವರು ಕ್ಯಾಂಟೀನಿಗೆ ಇಳಿಯುತ್ತಾರೆ. ಅದೇ ಮಂಚದ ಪಕ್ಕದಲ್ಲಿ, ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ ಬಂದ ಸಿಸ್ಟರ್ ಮಾತ್ರ ‘ನನಗೆ ಈ ಕೆಲಸ ನಿಜವಾಗಿ ಬರುತ್ತದೆಯೇ’ ಎಂದು ಒಳಗೊಳಗೇ ಬೇಯುತ್ತಿರುತ್ತಾಳೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಕಟ್ಟಿದವರು ಆಸ್ಪತ್ರೆ ನೋಡಿರಲಿಕ್ಕಿಲ್ಲ. ರಣರಂಗ ದೂರವಿದ್ದಷ್ಟೂ ಧೈರ್ಯ ಹೆಚ್ಚು ಎಂಬುದು ಮಾತ್ರ ಅವರಿಗೆ ಗೊತ್ತಿತ್ತು. ಸಿಸ್ಟರಿನ ಈ ಒಳಬೇಗೆಗೆ ಶಾಸ್ತ್ರೀಯ ಹೆಸರು ಸಿಕ್ಕಿದ್ದು 1978ರಲ್ಲಿ. ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು, ಸಾಧನೆ ಮಾಡಿದ ಹೆಂಗಸರೇ ತಮ್ಮನ್ನು ವೇಷಧಾರಿಗಳೆಂದುಕೊಂಡು, ಯಾವತ್ತು ಸಿಕ್ಕಿಬೀಳುತ್ತೇವೋ ಎಂದು ನಡುಗುವುದನ್ನು ವಿವರಿಸಿ ಲೇಖನ ಬರೆದರು. ನಿಜವಾದ ವೇಷಧಾರಿಗಳಿಗೆ ಈ ತೊಂದರೆ ಇದ್ದಂತಿಲ್ಲ. ನಕಲಿ ವೈದ್ಯರ ಬೋರ್ಡಿನ ಅಕ್ಷರ ಎಷ್ಟು ದಪ್ಪ, ನೋಡಿ.

ಇಂಥ ಅನುಮಾನವನ್ನು ಬೇರುಸಹಿತ ಕಿತ್ತುಹಾಕಿ ಎಂದು ಉಪದೇಶಿಸುವವರ ಜೊತೆ ನನ್ನ ತಕರಾರಿದೆ. ಆಸ್ಪತ್ರೆಯ ಪಾಯವೇ ಅನುಮಾನ. ರೋಗಿಯ ಹೆಸರು ಕೇಳುತ್ತಾರೆ, ಕೈಗೆ ಕಟ್ಟಿದ ಪಟ್ಟಿ ನೋಡುತ್ತಾರೆ, ಆಮೇಲೆ ಕೇಸ್ ಶೀಟನ್ನೂ ನೋಡುತ್ತಾರೆ. ಮದುವೆಗೆ ಜಾತಕ ಕೂಡ ಇಷ್ಟು ಸಲ ನೋಡುವುದಿಲ್ಲ. ಇನ್ಸುಲಿನ್ನನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಯೂ ಉಂಟು, 100ರದೂ ಉಂಟು. 40ರ ಸಿರಿಂಜಿಗೆ ಕೆಂಪು ಟೋಪಿ, 100ರದಕ್ಕೆ ಕಿತ್ತಳೆ. 100ರ ಔಷಧವನ್ನು ಕೆಂಪು ಟೋಪಿಯದರಲ್ಲಿ ಎಳೆದರೆ ರೋಗಿಯ ಮೈಗೆ ಹೋಗುವುದು ಬರೆದುಕೊಟ್ಟದ್ದರ ಎರಡೂವರೆ ಪಟ್ಟು. ಹಗಲು ಬೆಳಕಿನ ಸೀರೆ ಅಂಗಡಿಯಲ್ಲೇ ಕೆಂಪೋ ಕಿತ್ತಳೆಯೋ ಎಂದು ಜಗಳವಾಗುವಾಗ, ನಸುಕಿನ ನಾಲ್ಕು ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ ‘ಇದು ಸರಿಯೇ’ ಎಂದು ತಡವರಿಸುವವಳನ್ನು ಅಂಜುಬುರುಕಿ ಎನ್ನಲು ನನಗೆ ಬಾಯಿ ಬಾರದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆಂದು ಹೊರತಂದ 19 ಅಂಶಗಳ ಪಟ್ಟಿಯೂ ಇದೇ ತಡವರಿಕೆಯ ಸರಕಾರಿ ಪ್ರತಿ. ರೋಗಿ ಇವನೇ ತಾನೆ, ಕೊಯ್ಯಬೇಕಾದ ಜಾಗ ಇದೇ ತಾನೆ ಎಂದು ಮಹಾಮಹಾ ಸರ್ಜನ್ನರೂ ಬಾಯಿಬಿಟ್ಟು ಕೇಳಬೇಕು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಅದನ್ನು ಬಳಸಿ ನೋಡಿದಾಗ, ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರ ವರದಿ ಹೇಳಿತು. ಅನುಮಾನವೇ ಇಲ್ಲದವರು ಏನು ಮಾಡುತ್ತಾರೆಂದು ತಿಳಿಯಲು 1847ರ ವಿಯೆನ್ನಾಕ್ಕೆ ಹೋಗಬೇಕು. ಹೆರಿಗೆ ಮಾಡಿಸುವ ಮುನ್ನ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿರಿ ಎಂದು ಸೆಮ್ಮೆಲ್‌ವೈಸ್ ಎಂಬ ವೈದ್ಯ ಹೇಳಿದರೆ, ಹೆಣ ಕೊಯ್ದು ನೇರ ಬರುತ್ತಿದ್ದ ವೈದ್ಯರಲ್ಲಿ ಹಲವರಿಗೆ ಅವಮಾನವಾಯಿತು. ತಮ್ಮ ಕೈ ಕೊಳಕಾಗಿರಬಹುದೆಂಬ ಯೋಚನೆಯೇ ಅವರಿಗೆ ಬಾರದು!

ನಡುಗುವ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳಲು ಯಾರು ತಯಾರು ಎಂದು ನೀವು ಕೇಳಬಹುದು. ನಾನಂತೂ ತಯಾರಿಲ್ಲ. ಆದರೆ ಸೀಸೆಯ ಮೇಲಿನ ಅನುಮಾನ ಬೇರೆ, ತನ್ನ ಮೇಲಿನದು ಬೇರೆ. ಸೀಸೆ ತಿರುಗಿಸಿ ಓದಿದರೆ ಹತ್ತು ಸೆಕೆಂಡಿನಲ್ಲಿ ಮೊದಲನೆಯದು ತೀರುತ್ತದೆ. ‘ನಾನು ಯೋಗ್ಯಳೇ’ ಎಂಬುದಕ್ಕೆ ಉತ್ತರ ಯಾವ ಲೇಬಲ್ಲಿನ ಮೇಲೂ ಅಚ್ಚಾಗಿರುವುದಿಲ್ಲ. ಹಾಗಾಗಿ ಅದು ಡ್ಯೂಟಿ ಮುಗಿಸಿ ಬಸ್ಸು ಹತ್ತಿ ಹಾಸಿಗೆಯವರೆಗೂ ಬರುತ್ತದೆ. ಈ ಎರಡನೆಯದನ್ನು ಹಿಡಿದು ಮೊದಲನೆಯದರ ಕೆಲಸಕ್ಕೆ ಹಚ್ಚುವುದೊಂದೇ ನನಗೆ ಕಾಣುವ ದಾರಿ. ನಿದ್ದೆಯನ್ನೇ ತಿನ್ನತೊಡಗಿದರೆ ಅದು ಪ್ರಬಂಧಕಾರರ ಕೈಮೀರಿದ್ದು, ವೈದ್ಯರಿಗೇ ತೋರಿಸಬೇಕು. ಇನ್ನು ಕೆಲವು ಅನುಮಾನಗಳು ಮನಸ್ಸಿಗೆ ಸಂಬಂಧಿಸಿದವೇ ಅಲ್ಲ. ಐದಾರು ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಕಾಗದದ ಲೆಕ್ಕ. ರಾತ್ರಿ ಮೂವತ್ತು ಮಂಚಗಳ ನಡುವೆ ಓಡುವವಳಿಗೆ ತಾನು ಸಾಲುತ್ತಿಲ್ಲ ಎನಿಸಿದರೆ ಅದು ಬರೀ ಭಾಗಾಕಾರ. ಅವಳಿಗೆ ಆತ್ಮವಿಶ್ವಾಸದ ಶಿಬಿರ ಏರ್ಪಡಿಸುವ ಖರ್ಚಿನಲ್ಲಿ ಇನ್ನೊಬ್ಬಳನ್ನು ನೇಮಿಸಬಹುದು.

ಅಲ್ಲಿಯವರೆಗೆ ಅವಳಿಗಿರುವ ಉಪಾಯ, ಪಕ್ಕದವಳ ಮುಂದೆ ಸಿರಿಂಜು ಹಿಡಿದು ‘ಇದನ್ನೊಂದು ಸಲ ನೋಡ್ತೀರಾ, ಅಕ್ಕ?’ ಎನ್ನುವುದು. ಅಕ್ಕ ನೋಡುತ್ತಾಳೆ, ತಲೆಯಾಡಿಸುತ್ತಾಳೆ. ಎಳನೀರಿನ ಮಾವ ಇದನ್ನು ಕಂಡು, ಈ ಹುಡುಗಿಗೆ ಏನೂ ಗೊತ್ತಿಲ್ಲ ಎಂಬ ನಾಲ್ಕನೇ ತೀರ್ಪನ್ನೂ ಕೊಟ್ಟುಬಿಡುತ್ತಾರೆ.