ಎಮ್ ಮೋಡಿನ ಮಹಾನುಭಾವರು

ಡಿಎಸ್‌ಎಲ್‌ಆರ್ ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಡಯಲ್ ಇರುತ್ತದೆ. ಹಸಿರು ಆಟೋ ಗುರುತಿನಿಂದ, ಎಲ್ಲವನ್ನೂ ಕೈಯಾರೆ ಹೊಂದಿಸುವ ‘ಎಮ್’ ಅಕ್ಷರಕ್ಕೆ ಹೋಗಲು ಬೆರಳಿಗೆ ಒಂದು ತಿರುವು ಸಾಕು. ಆದರೆ ಹಾಗೆ ದಾಟಿದವರ ನಡಿಗೆಯೇ ಬದಲಾಗಿಬಿಡುತ್ತದೆ. ಮದುವೆ ಛತ್ರ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ, ಬೆಳಗಿನ ನಂದಿಬೆಟ್ಟ, ಎಲ್ಲಿ ಕಂಡರೂ ಇವರ ಗುರುತು ಸಿಗುತ್ತದೆ. ಕುತ್ತಿಗೆಯಲ್ಲಿ ಕಂಪನಿಯ ಹೆಸರಿನ ಅಗಲ ಪಟ್ಟಿ, ಬೆನ್ನಿಗೆ ಚೀಲ, ಮತ್ತು ಯಾರೂ ಕೇಳದಿದ್ದರೂ “ನಾನು ಆಟೋದಲ್ಲಿ ತೆಗೆಯೋದೇ ಇಲ್ಲ ಸಾರ್” ಎಂಬ ಘೋಷಣೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮಡಿವಂತರ ಧಾಟಿಯೇ ಧಾಟಿ. ನನ್ನ ತಕರಾರು ಇಷ್ಟೇ: ಇವರು ಆಟೋವನ್ನು ಬಿಟ್ಟೇ ಇಲ್ಲ. ಆಟೋ ಮಾಡುವ ಕೆಲಸವನ್ನೇ ಕೈಯಲ್ಲಿ, ನಿಧಾನವಾಗಿ ಮಾಡುತ್ತಿದ್ದಾರೆ.

ಸಾಕ್ಷಿ ವ್ಯೂಫೈಂಡರಿನ ಒಳಗೇ ಇದೆ. ಅಲ್ಲಿ ಕೆಳಗೊಂದು ಪುಟ್ಟ ಅಳತೆಪಟ್ಟಿ, ನಡುವೆ ಸೊನ್ನೆ, ಅತ್ತಿತ್ತ ಆಡುವ ಒಂದು ಮುಳ್ಳು. ಮಹಾನುಭಾವರು ಅಪರ್ಚರನ್ನು 5.6ಕ್ಕೆ ಇಟ್ಟು, ಉಸಿರು ಬಿಗಿಹಿಡಿದು, ಮುಳ್ಳು ಸೊನ್ನೆಗೆ ಬರುವವರೆಗೆ ಚಕ್ರ ತಿರುಗಿಸುತ್ತಾರೆ. ಶಟರ್ ಸ್ಪೀಡ್ 1/125ಕ್ಕೆ ಬಂದು ನಿಲ್ಲುತ್ತದೆ. ಅದೇ ಬೆಳಕಿನಲ್ಲಿ, ಅಪರ್ಚರ್ ಹೇಳಿದರೆ ಶಟರ್ ಸ್ಪೀಡನ್ನು ತಾನೇ ಆರಿಸುವ ‘ಎ’ ಮೋಡಿನ ಕ್ಯಾಮೆರಾ ಕಣ್ಣು ಮಿಟುಕಿಸುವುದರೊಳಗೆ ಅದೇ 1/125 ಕೊಡುತ್ತಿತ್ತು. ಇನ್ನು ಐಎಸ್‌ಓವನ್ನು ಆಟೋದಲ್ಲೇ ಬಿಟ್ಟು ಎಮ್ ಮೋಡಿನ ಹಿರಿಮೆ ಹೇಳುವವರ ವಿಷಯ ಎತ್ತದಿರುವುದೇ ಮರ್ಯಾದೆ. ಆಟೋವನ್ನು ದಾಟುವುದೆಂದರೆ ಆ ಮುಳ್ಳಿನ ಜೊತೆ ಜಗಳವಾಡಲು ಕಲಿಯುವುದು. ಎದುರಿಗಿರುವುದು ಏನೇ ಆಗಲಿ, ಬಿದ್ದ ಬೆಳಕಿನ ಸುಮಾರು ಶೇ. 18ರಷ್ಟನ್ನು ಮರಳಿಸುವ ನಡುಬೂದು ಬಣ್ಣ ಎಂಬ ಲೆಕ್ಕದಲ್ಲಿ ಮೀಟರು ಅಳೆಯುತ್ತದೆ. ಹಾಗಾಗಿ ಬಿಳಿ ಪಂಚೆ ಬೂದಾಗುತ್ತದೆ, ಹಳೇಬೀಡಿನ ಕಪ್ಪು ಶಿಲೆ ಪೇಲವವಾಗುತ್ತದೆ. ಇದು ಗೊತ್ತಿದ್ದವರು ‘ಎ’ ಮೋಡಿನಲ್ಲೇ ಪಂಚೆಗೆ ಒಂದು ಸ್ಟಾಪ್ ಏರಿಸುತ್ತಾರೆ, ಶಿಲೆಗೆ ಒಂದು ಇಳಿಸುತ್ತಾರೆ. ನಮ್ಮವರು ಮುಳ್ಳನ್ನು ಭಕ್ತಿಯಿಂದ ಸೊನ್ನೆಗೆ ತರುತ್ತಾರೆ. ಪಂಚೆ ಮಾಸುತ್ತದೆ, ಅಪವಾದ ಛತ್ರದ ಟ್ಯೂಬ್‌ಲೈಟಿನ ಮೇಲೆ ಬೀಳುತ್ತದೆ.

ಅವರ ಪಾಡಿಗೆ ಅವರು ತಿರುಗಿಸಿಕೊಳ್ಳಲಿ, ನಿಮಗೇನು ನಷ್ಟ ಎಂದು ಕೇಳಬಹುದು. ನಷ್ಟ ಎದುರಿಗೆ ನಿಂತವರದು. ಹೊರಗೆ ಬಿಸಿಲಿನಲ್ಲಿ ಎಫ್ 8, 1/400, ಐಎಸ್‌ಓ 100 ಇಟ್ಟು ಬೀಗರ ಸಾಲನ್ನು ತೆಗೆದಾಗಿರುತ್ತದೆ. (“ಏನಪ್ಪಾ, ಆಯ್ತಾ? ನಕ್ಕೂ ನಕ್ಕೂ ಹಲ್ಲು ಒಣಗಿಹೋಯ್ತು” ಎಂದು ಸೋದರತ್ತೆ ಗೊಣಗಿಯೂ ಆಗಿರುತ್ತದೆ.) ಒಳಗೆ ಗಟ್ಟಿಮೇಳ ಮೊಳಗುತ್ತದೆ. ಕ್ಲಿಕ್ ಎಂದರೆ ಪರದೆ ತುಂಬ ಕತ್ತಲು. ಐಎಸ್‌ಓ 1600ಕ್ಕೆ ಏರಬೇಕು, ಶಟರ್ 1/60ಕ್ಕೆ ಇಳಿಯಬೇಕು. ಕಿಟ್ ಲೆನ್ಸನ್ನು 55 ಎಮ್‌ಎಮ್‌ಗೆ ಜೂಮ್ ಮಾಡಿದರೆ ಅಪರ್ಚರು 5.6ಕ್ಕಿಂತ ಅಗಲವಾಗದು. ಈ ಲೆಕ್ಕ ಮುಗಿಯುವಷ್ಟರಲ್ಲಿ ಮೂರನೇ ಗಂಟೂ ಬಿದ್ದು, ಅಕ್ಷತೆ ನೆಲದ ಮೇಲಿರುತ್ತದೆ. ಕಾಸು ಕೊಟ್ಟು ಕರೆಸಿದ ಫೋಟೋಗ್ರಾಫರಿನ ಡಯಲ್ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಆತ ಆಲ್ಬಮ್ ಕೊಡಬೇಕಾದವನು.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ಹಿರಿಯರು ಫಿಲ್ಮ್ ಕ್ಯಾಮೆರಾ ಹಿಡಿದು ಕಾಡು ಸುತ್ತಲಿಲ್ಲವೆ ಎಂಬುದು ಇವರ ಬ್ರಹ್ಮಾಸ್ತ್ರ. ನಿಜ. ಆದರೆ ಆಗ ಐಎಸ್‌ಓ ಸುರುಳಿಯ ಜೊತೆಗೇ ಗೊತ್ತಾಗಿರುತ್ತಿತ್ತು, ಹಿಂದೆ ಪರದೆಯಿರಲಿಲ್ಲ. ಬೆಳಕನ್ನು ಕಣ್ಣಳತೆಯಲ್ಲಿ ಓದದೆ ಗತ್ಯಂತರವಿರಲಿಲ್ಲ. ಅವರಿಂದ ಕಲಿಯಬೇಕಾದದ್ದು ಆ ಓದನ್ನು. ಯಂತ್ರದ ನೆರವೇನೂ ನಿನ್ನೆ ಮೊನ್ನೆಯದಲ್ಲ. ಶಟರ್ ಸ್ಪೀಡ್ ಹೇಳಿದರೆ ಅಪರ್ಚರನ್ನು ತಾನೇ ಆರಿಸುವ ಕ್ಯಾನನ್ ಎಇ-1 ಬಂದದ್ದು 1976ರಲ್ಲಿ, ಮಾರಾಟವಾದದ್ದು ಲಕ್ಷಗಟ್ಟಲೆ.

ಎಮ್ ಮೋಡೇ ಬೇಕಾಗುವ ಜಾಗಗಳಿಲ್ಲ ಎಂದಲ್ಲ. ಯಕ್ಷಗಾನವನ್ನೇ ನೋಡಿ: ಹಿಂದೆಲ್ಲ ಕಪ್ಪು, ನಡುವೆ ಝಗಝಗಿಸುವ ಕಿರೀಟ. ಕಪ್ಪನ್ನು ಕಂಡು ಮೀಟರು ಗಾಬರಿಯಾಗಿ ವೇಷದ ಮುಖವನ್ನು ಸುಣ್ಣದ ಬಿಳುಪಿಗೆ ತರುತ್ತದೆ. ರಂಗದ ಬೆಳಕು ಬದಲಾಗದಿದ್ದರೆ ಎಮ್ ಮೋಡಿನಲ್ಲಿ ಒಮ್ಮೆ ಕಟ್ಟಿಟ್ಟು, ಮುಳ್ಳನ್ನು ಮರೆತು, ಚಂಡೆಯ ಪೆಟ್ಟು ಬಿರುಸಾದಾಗ ದಿಗಿಣಕ್ಕೆ ಕಾದರಾಯಿತು. ಆದರೆ ಅಲ್ಲಿಯೂ ನಮ್ಮವರ ಕಣ್ಣು ರಂಗದ ಮೇಲಿರುವುದಿಲ್ಲ, ಸೊನ್ನೆಯ ಮೇಲಿರುತ್ತದೆ.

ಈಗ ಅವರಿಗೆ ಬೇರೆಯದೇ ಸಂಕಟ. ನಿಕಾನ್, ಕ್ಯಾನನ್ ಎರಡೂ 2018ರಲ್ಲಿ ತಮ್ಮ ಹೊಸ ಸಾಲಿನ ಮಿರರ್‌ಲೆಸ್ ಕ್ಯಾಮೆರಾ ತಂದ ಮೇಲೆ, ಚಿತ್ರ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬಂದೀತೆಂಬುದು ಕ್ಲಿಕ್ಕಿಸುವ ಮೊದಲೇ ವ್ಯೂಫೈಂಡರಿನಲ್ಲಿ ಕಾಣುತ್ತದೆ. ಎಮ್ ಮೋಡು ಯಾರಿಗೆ ಬೇಕಾದರೂ ಒಲಿಯುವಂತಾಯಿತು. ಮಹಾನುಭಾವರು ಸದ್ಯ ಹಳೆಯ ಫಿಲ್ಮ್ ಕ್ಯಾಮೆರಾ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದಾರೆ; ಮೀಟರು ಕೆಟ್ಟಿದ್ದರೆ ಇನ್ನೂ ಉತ್ತಮವಂತೆ.