ಅರ್ಧಕ್ಕೆ ನಿಂತ ಮುಳ್ಳು

ಹೊನ್ನಾವರದ ನನ್ನ ಮಿತ್ರರು ನಿವೃತ್ತಿಯ ಹಣದಲ್ಲಿ ಗಣನೀಯ ಭಾಗವನ್ನು ಸುರಿದು ಕೊಂಡ ಹಳೆಯ ಯಂತ್ರದೋಣಿಯಲ್ಲಿ ಹಲಗೆಗಳು ಅಲುಗುತ್ತಿದ್ದವು, ಎಂಜಿನು ಕೆಮ್ಮುತ್ತಿತ್ತು, ಕುಳಿತವರು ವಾಲುತ್ತಿದ್ದರು. ಸ್ಥಿರವಾಗಿದ್ದುದೆಂದರೆ ಚುಕ್ಕಾಣಿಯ ಮುಂದಿನ ಡೀಸೆಲ್ ಮಾಪಕದ ಮುಳ್ಳು ಮಾತ್ರ. ಬೆಳಗ್ಗೆ ಕ್ಯಾನುಗಟ್ಟಲೆ ಸುರಿದರೂ ಅದಕ್ಕೆ ಹರ್ಷವಿಲ್ಲ, ಶರಾವತಿಯಲ್ಲಿ ಕಾಸರಕೋಡಿನ ತನಕ ನಾಲ್ಕಾರು ಬಾರಿ ಹೋಗಿಬಂದರೂ ವಿಷಾದವಿಲ್ಲ. ಗೀತೆಯ ಎರಡನೆಯ ಅಧ್ಯಾಯದ ಸ್ಥಿತಪ್ರಜ್ಞನಂತೆ ಅದು ಸದಾ ಸರ್ವದಾ ಅರ್ಧಕ್ಕೆ ನಿಂತಿರುತ್ತಿತ್ತು.

ದೋಣಿ ನಡೆಸುವ ಮುದುಕ ತಾಂಡೇಲ ಆ ಮಾಪಕವನ್ನು ಒಮ್ಮೆಯಾದರೂ ಕಣ್ಣೆತ್ತಿ ನೋಡಿದವನಲ್ಲ. ಅವನ ಬಳಿ ಕತ್ತಿಯಿಂದ ಗೀರು ಹಾಕಿದ ಒಂದು ಬಿದಿರು ಕಡ್ಡಿಯಿತ್ತು. ಹೊರಡುವ ಮುನ್ನ ಅದನ್ನು ಟ್ಯಾಂಕಿನೊಳಗೆ ಇಳಿಬಿಟ್ಟು, ಮೇಲೆತ್ತಿ, ಒದ್ದೆಯಾದ ಗೀರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, 'ಸಾಕು' ಎನ್ನುವನು, ಇಲ್ಲವೆ 'ಸಾಲ' ಎನ್ನುವನು. ಈ ಎರಡನೆಯ ಮಾತಿಗೆ ಇರುವ ಎರಡರ್ಥಗಳೂ ಏಕಕಾಲಕ್ಕೆ ಅನ್ವಯಿಸುತ್ತಿದ್ದವೆಂಬುದು, ಡೀಸೆಲ್ ಬಂಕಿನಲ್ಲಿ ಮಿತ್ರರ ಲೆಕ್ಕವನ್ನು ಬಲ್ಲವರಿಗೆ ವಿದಿತವೇ ಇದೆ.

ತಾಂಡೇಲ ನೆಂಟರ ಮದುವೆಗೆ ಹೋದ ಒಂದು ದಿನ, ವಿದ್ಯಾವಂತರಾದ ನಾವಿಬ್ಬರೇ ಮಾಪಕವನ್ನು ನಂಬಿ, ಇಳಿತದ ವೇಳೆಗೆ ಸರಿಯಾಗಿ ಅಳಿವೆಯ ಕಡೆಗೆ ಹೊರಟೆವು. ಎಂಜಿನು ಮೂರು ಸಲ ಬಿಕ್ಕಿ ಮೌನವಾಯಿತು. ಮಿತ್ರರು ಮಾಪಕದ ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಮುಳ್ಳು ಅರ್ಧದಿಂದ ಕದಲಲಿಲ್ಲ. ಕದಲಿದ್ದು ನಾವು: ನೀರು ನಮ್ಮನ್ನು ಮೆಲ್ಲಮೆಲ್ಲನೆ ಸಮುದ್ರದ ಕಡೆಗೆ ಒಯ್ಯುತ್ತಿರಲು, ದೂರದ ಬಸವರಾಜದುರ್ಗದ ದ್ವೀಪವು ಕ್ಷಣಕ್ಷಣಕ್ಕೂ ಹತ್ತಿರವಾಗುವಂತೆ ನನಗೆ ತೋರಿತು. ಪುಣ್ಯಕ್ಕೆ ಒಂದು ಮರಳದಿಣ್ಣೆ ನಮ್ಮನ್ನು ಹಿಡಿದು ನಿಲ್ಲಿಸಿತು. ಎರಡು ಗಂಟೆಯ ಮೇಲೆ ಮೀನಿನ ದೋಣಿಯೊಂದು ಹಗ್ಗ ಎಸೆದು ನಮ್ಮನ್ನು ಎಳೆದು ತಂದಿತು, ಅದರಲ್ಲಿದ್ದ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಕಡ್ಡಿ ಹಾಕಿ ನೋಡಿರ್ಲಿಲ್ವ?"

ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ, ಓಮನು 1827ರಲ್ಲಿ ಪ್ರಕಟಿಸಿದ ನಿಯಮವನ್ನು ಕರಿಹಲಗೆಯ ಮೇಲೆ ಲೆಕ್ಕವಿಲ್ಲದಷ್ಟು ಸಲ ಬರೆದಿದ್ದರೂ, ಮನೆಯ ಫ್ಯೂಸನ್ನು ಮಾತ್ರ ಹೆಂಡತಿಯ ಕೈಯಲ್ಲಿ ಹಾಕಿಸುತ್ತಿದ್ದ ನಾನು, ಆ ಅವಮಾನದ ಭರದಲ್ಲಿ ದುರಸ್ತಿಯ ಹೊಣೆಯನ್ನು ಹೊತ್ತೆ. ತತ್ತ್ವವೇನೋ ಸರಳ. ಟ್ಯಾಂಕಿನೊಳಗೆ ಒಂದು ಸರಳು, ಅದರ ತುದಿಗೆ ಬೆಂಡು; ಬೆಂಡು ಏರಿಳಿದಂತೆ ವಿದ್ಯುತ್ತಿನ ರೋಧ ಬದಲಾಗುತ್ತದೆ, ಅದನ್ನು ಅನುಸರಿಸಿ ಮುಳ್ಳು ಚಲಿಸುತ್ತದೆ. ಅಮೆರಿಕದ ಪದ್ಧತಿಯಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33. ಯುರೋಪಿನದು ಇದಕ್ಕೆ ವಿಪರೀತ, ಖಾಲಿಗೆ 10, ತುಂಬಿದ್ದಕ್ಕೆ 180. ಡೀಸೆಲ್ ಮುಗಿದಿದೆ ಎಂಬಷ್ಟು ನಿರ್ವಿವಾದವಾದ ಸಂಗತಿಯಲ್ಲಿಯೂ ಎರಡು ಖಂಡಗಳಿಗೆ ಒಮ್ಮತವಿಲ್ಲ! ನಮ್ಮದು ಅಮೆರಿಕದ ಮತಕ್ಕೆ ಸೇರಿದ್ದು.

ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಅರ್ತಿಂಗಿನ ತಂತಿಯೆಂದು ಅದರ ಹಸಿರು ಕಿಲುಬನ್ನು ಮರಳುಕಾಗದದಿಂದ ಉಜ್ಜಿದೆ. ಮುಳ್ಳು ಅರ್ಧದಲ್ಲೇ ಇತ್ತು. ಮಾಪಕದ ಬೆನ್ನಿನಲ್ಲಿ ಟ್ಯಾಂಕಿನಿಂದ ವಾರ್ತೆ ತರುವ ತಂತಿಯನ್ನು ಬಿಚ್ಚಿದೆ. ಮುಳ್ಳು ಖಾಲಿಗೆ ಬಿದ್ದಿತು. ಆ ಮೊಳೆಯನ್ನು ಅರ್ತಿಂಗಿಗೆ ಮುಟ್ಟಿಸಿದೆ, ಪೂರ್ಣಕ್ಕೆ ನೆಗೆಯಿತು. ಮಾಪಕ ನಿರಪರಾಧಿ! ಸ್ಥಿತಪ್ರಜ್ಞನೆಂದು ನಾವು ಬಗೆದದ್ದು ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುವ ಪಾಪದ ಸಾಕ್ಷಿ ಮಾತ್ರ. ಸುಳ್ಳು ಹುಟ್ಟುತ್ತಿದ್ದುದು ಟ್ಯಾಂಕಿನಲ್ಲಿ.

ಟ್ಯಾಂಕಿನ ಮೇಲಿನ ಬಿಲ್ಲೆಗೆ ಐದು ಸ್ಕ್ರೂಗಳು. ಅದು ಒಂದೇ ದಿಕ್ಕಿನಲ್ಲಿ ಕೂರಬೇಕೆಂದು ಆ ಐದು ತೂತುಗಳನ್ನು ಬೇಕೆಂದೇ ಅಸಮಾಂತರವಾಗಿ ಕೊರೆದಿರುತ್ತಾರೆಂಬುದನ್ನು, ಮರಳಿ ಜೋಡಿಸುವಾಗ ಉಳಿದ ನಾಲ್ಕು ದಿಕ್ಕುಗಳನ್ನು ಪರೀಕ್ಷಿಸಿದ ಮೇಲೆ ನಾನು ಕಂಡುಕೊಂಡೆ. ಸರಳನ್ನು ಹೊರಗೆಳೆದಾಗ ಅದರ ಕೀಲಿನ ಸಂದಿನಲ್ಲಿ, ಡೀಸೆಲ್ ಕುಡಿದು ಕಪ್ಪಾದ, ಕಿರುಬೆರಳಿನಷ್ಟು ಉದ್ದದ ಒಂದು ಸಿಬಿರು ಸಿಕ್ಕಿಕೊಂಡಿತ್ತು. ಬೆಂಡು ಅರ್ಧದಿಂದ ಮೇಲಕ್ಕೂ ಏಳಲಾರದೆ ಕೆಳಕ್ಕೂ ಇಳಿಯಲಾರದೆ ಸೆರೆಯಲ್ಲಿತ್ತು. ಸಿಬಿರು ಬಿದಿರಿನದು.

ತಾಂಡೇಲ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಕ್ಯಾಬಿನ್ನಿನ ಹಿಂದಿನಿಂದ ತನ್ನ ಕಡ್ಡಿಯನ್ನು ತಂದು, ಅದರ ಸೀಳಿದ ತುದಿಗೆ ಇದನ್ನು ಹೊಂದಿಸಿದ. ನೂಲಿನಷ್ಟೂ ಸಂದಿಲ್ಲದೆ ಕೂತಿತು. ಪ್ರತಿಸ್ಪರ್ಧಿಯನ್ನು ಕಡ್ಡಿಯೇ ಮುಗಿಸಿತ್ತೆಂದು ನಾನು ವಿಜಯದ ದನಿಯಲ್ಲಿ ನುಡಿಯಲು, ಅವನು "ಕಡ್ಡಿ ತಪ್ಪು ಲೆಕ್ಕ ಹೇಳಲಿಲ್ಲವಲ್ಲ, ಮಾಸ್ತರ್ರೆ" ಎಂದವನೇ ಕತ್ತಿ ತೆಗೆದು ತುದಿಯನ್ನು ನಯವಾಗಿ ಹೆರೆಯತೊಡಗಿದ.

ಬಿಡುಗಡೆಗೊಂಡ ಬೆಂಡು ಈಗ ಪ್ರತಿಯೊಂದು ಅಲೆಗೂ ಕುಣಿಯುತ್ತದೆ. ಮುಳ್ಳು ಕಾಲಿನಿಂದ ಮುಕ್ಕಾಲಿಗೆ, ಮುಕ್ಕಾಲಿನಿಂದ ಕಾಲಿಗೆ ಓಲಾಡುವುದನ್ನು ಕಂಡು ಅತಿಥಿಗಳು ಬೆದರಿ ದಡದ ಕಡೆ ನೋಡುತ್ತಾರೆಂದು ಮಿತ್ರರು ಮಾಪಕದ ಮೇಲೆ ತಮ್ಮ ಅಂಗವಸ್ತ್ರವನ್ನು ಇಳಿಬಿಟ್ಟಿದ್ದಾರೆ. ಮೊನ್ನೆ ದಕ್ಕೆಯಲ್ಲಿ ನೀರು ನಿಶ್ಚಲವಾಗಿದ್ದಾಗ ನಾನೇ ಅದನ್ನು ಸರಿಸಿ ನೋಡಿದೆ: ನಿಖರವಾಗಿ ಅರ್ಧ. ದೋಣಿಯ ಹೊಟ್ಟೆಯಂತೆ ಟ್ಯಾಂಕೂ ಕೆಳಗೆ ಕಿರಿದಾಗಿರುವುದರಿಂದ ಎತ್ತರದ ಅರ್ಧ ಡೀಸೆಲಿನ ಅರ್ಧವಲ್ಲವೆಂಬುದು ನನಗೆ ಹೊಳೆಯುವಷ್ಟರಲ್ಲಿ, ತಾಂಡೇಲ ಕಡ್ಡಿಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಮಿತ್ರರ ಕಡೆ ತಿರುಗಿದ.

"ಸಾಲ."