ನಾಯಕ-ವಿಡಿಯೊ-ಲಕ್ಷಣ ಸಂಗ್ರಹ: ಮಸಗುಪ್ಪಿ ಪಾಠ

ಇನ್ನು ನಾಯಕರ ವಿಡಿಯೊಗಳ ಲಕ್ಷಣವನ್ನು ಹೇಳಲಾಗುವುದು. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ನೆಟ್ಟು, ಹೊಳೆದಂಡೆಯಲ್ಲಿ ಹೊಲ, ಈ ಮೂರೂ ಉಳ್ಳವನು. ಘಟಪ್ರಭೆಯ ಮಗ್ಗುಲಿನ ಮಸಗುಪ್ಪಿಯಲ್ಲಿ ಅಂಥವರಿಗೆ ಕೊರತೆಯಿಲ್ಲ. ವಿಷಯ: ಜನರೊಡನೆ ಮಾತಾಡಲು ನಾಯಕರು ಯೂಟ್ಯೂಬು, ಫೇಸ್‌ಬುಕ್ಕುಗಳೆಂಬ ಪರರ ಅಂಗಡಿಗಳಿಗೆ ಹೋಗಬಹುದೆ? ಪ್ರಯೋಜನ: ಹೊಳೆ ಬರುವ ಮೊದಲೇ ಎಮ್ಮೆ ಬಿಚ್ಚುವುದು. ನಾಯಕನಿಗೂ ಪ್ರಜೆಗೂ ಸಂಬಂಧ: ಐದು ವರ್ಷಕ್ಕೊಮ್ಮೆ.

ಮೊದಲ ವಿಂಗಡಣೆ ನೆಲೆಯನ್ನು ಹಿಡಿದು. ವಿಡಿಯೊ ಸ್ಥಾವರ, ಜಂಗಮ ಎಂದು ಎರಡು ಬಗೆ. ಹಿಂದೆ ಧ್ವಜ, ಮುಂದೆ ಮೇಜು, ಪಕ್ಕದಲ್ಲಿ ಯಾರೂ ತೆರೆಯದ ದಪ್ಪ ಪುಸ್ತಕಗಳಿದ್ದರೆ ಅದು ಸ್ಥಾವರ. ಇದರ ಸ್ಥಾಯಿಭಾವ ಗಾಂಭೀರ್ಯ, ಸಂಚಾರಿಭಾವ ಕೆಮ್ಮು. ಹಬ್ಬದ ಶುಭಾಶಯ, ಮಹಾಪುರುಷರ ಜಯಂತಿ, ಪಕ್ಷ ಬಿಡುವ ಹಿಂದಿನ ದಿನ ‘ಪಕ್ಷ ಬಿಡುವ ಪ್ರಶ್ನೆಯೇ ಇಲ್ಲ’ ಎಂಬ ಸ್ಪಷ್ಟನೆ, ಇವೆಲ್ಲ ಹುಟ್ಟುವುದು ಇಲ್ಲಿ.

ಜಂಗಮದಲ್ಲಿ ಕಾರಸ್ಥ, ಜಲಸ್ಥ, ವ್ಯೋಮಸ್ಥ ಎಂದು ಮೂರು. ಕಾರಸ್ಥದಲ್ಲಿ ಮಾತಿಗಿಂತ ರಸ್ತೆಯ ತಗ್ಗುಗಳೇ ಸ್ಪಷ್ಟವಾಗಿ ಕೇಳಿಸುವುದರಿಂದ ಅದನ್ನು ಲೋಕೋಪಯೋಗಿ ಇಲಾಖೆಗೆ ಬಿಡುವುದು ಒಳಿತು. ಜಲಸ್ಥದಲ್ಲಿ ನಾಯಕರು ಪಂಚೆ ಎತ್ತಿ ಮೊಣಕಾಲುದ್ದ ನೀರಲ್ಲಿ ನಿಲ್ಲುತ್ತಾರೆ. ನೀರು ಅದಕ್ಕಿಂತ ಮೇಲಿದ್ದರೆ ನಾಯಕರಿಗೆ ಅಪಾಯ, ಕೆಳಗಿದ್ದರೆ ವಿಡಿಯೊಕ್ಕೆ ಅಪಾಯ. ವ್ಯೋಮಸ್ಥದಲ್ಲಿ ನಾಯಕರ ಮುಖ ಹೆಲಿಕಾಪ್ಟರಿನ ಕಿಟಕಿಯ ಕಡೆ, ಕ್ಯಾಮೆರಾ ನಾಯಕರ ಕಡೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕದ ಓಣಿಗಳನ್ನು ಹೊಕ್ಕಾಗ ಒಂದು ಶಾಸ್ತ್ರೀಯ ವೈಚಿತ್ರ್ಯ ನಡೆಯಿತು. ಯಡಿಯೂರಪ್ಪನವರು ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ್ದರು, ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ನಡುವೆ ಬಂದ ಹೊಳೆಗೆ ಸಂಪುಟದಲ್ಲಿ ಸಿಕ್ಕವರು ಮುಖ್ಯಮಂತ್ರಿ ಒಬ್ಬರೇ. ಹೀಗಾಗಿ ಆ ಮಹಾಪೂರದಲ್ಲಿ ಮಂತ್ರಿಗಳ ಜಲಸ್ಥ ವಿಡಿಯೊಗಳು ಅಲಭ್ಯ. ಮಂತ್ರಿ ಎಂಬ ಪ್ರಭೇದವೇ ಆಗ ರಾಜ್ಯದಲ್ಲಿರಲಿಲ್ಲ.

ಇದೆಲ್ಲ ಹೊರರೂಪದ ಮಾತು. ದಂಡೆಯವರಿಗೆ ಬೇಕಾದ ವಿಂಗಡಣೆ ಬೇರೆ: ಸಂಖ್ಯಾಗರ್ಭ ಮತ್ತು ಸಂಖ್ಯಾಶೂನ್ಯ. ‘ಯಾರೂ ಆತಂಕಪಡಬೇಕಿಲ್ಲ, ಸರ್ಕಾರ ನಿಮ್ಮೊಂದಿಗಿದೆ’ ಎಂಬುದು ಸಂಖ್ಯಾಶೂನ್ಯಕ್ಕೆ ಉತ್ತಮ ಉದಾಹರಣೆ. ಮಸಗುಪ್ಪಿಯವನ ಪ್ರಶ್ನೆ ಒಂದೇ: “ಎಷ್ಟ ಬಿಟ್ಟಾರ್ರೀ ಸಾಹೇಬ್ರ?” ಎಷ್ಟು ಎಂದರೆ ಎಷ್ಟು ಕ್ಯುಸೆಕ್. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ, ಅಂದರೆ ರಾಜಾ ಲಖಮಗೌಡ ಜಲಾಶಯದಲ್ಲಿ, ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಅಲ್ಲಿ ಗೇಟು ಎತ್ತಿದರೆ ಧೂಪದಾಳ, ಗೋಕಾಕ ಫಾಲ್ಸ್ ದಾಟಿ ನೀರು ಇತ್ತ ಬರುತ್ತದೆ. ದಾರಿಯಲ್ಲಿ ಹಿರಣ್ಯಕೇಶಿ ಕೂಡುತ್ತದೆ, ಗೋಕಾಕದ ಹತ್ತಿರ ಮಾರ್ಕಂಡೇಯ ಕೂಡುತ್ತದೆ. ಹಿಡಕಲ್ಲಿನ ಒಂದು ಅಂಕಿ ಹಿಡಿದು ಕೂತವನ ಹೊಲಕ್ಕೆ ಮೂರು ಹೊಳೆಯ ನೀರು ನುಗ್ಗುತ್ತದೆ. ಗೋಕಾಕದ ಹತ್ತಿರದ ಲೋಳಸೂರ ಸೇತುವೆ ಮುಳುಗಿದ ಮೇಲೆ ಬರುವ ಆಶ್ವಾಸನೆಯನ್ನು ಈ ಶಾಸ್ತ್ರ ಶ್ರಾದ್ಧಪ್ರಕರಣದಲ್ಲಿ ಸೇರಿಸುತ್ತದೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಜನ ಎಲ್ಲಿದ್ದಾರೋ ನಾಯಕರು ಅಲ್ಲಿಗೆ ಹೋಗಬೇಡವೆ? ಆಕಾಶವಾಣಿಯೂ ಒಮ್ಮುಖವೇ ಅಲ್ಲವೆ? 2014ರ ಅಕ್ಟೋಬರ್ 3ರಿಂದ ಪ್ರಧಾನಿ ‘ಮನ್ ಕಿ ಬಾತ್’ ಆಡುತ್ತಿದ್ದಾರೆ, ರೇಡಿಯೊಕ್ಕೆ ಮರುಮಾತಾಡಿದವರುಂಟೆ? 2019ರ ಅಕ್ಟೋಬರ್‌ನಲ್ಲಿ ಸ್ಪೀಕರ್ ಕಾಗೇರಿಯವರು ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ವಿಧಾನಸಭೆಯಿಂದ ಹೊರಗಿಟ್ಟರು. ಈಗ ಸುವರ್ಣಸೌಧದ ಅಧಿವೇಶನವನ್ನು ಮಸಗುಪ್ಪಿಯ ಹುಡುಗ ಕಬ್ಬಿನ ಬದುವಿನಲ್ಲಿ ಕೂತು ಯೂಟ್ಯೂಬಿನಲ್ಲೇ ನೋಡಬಹುದಲ್ಲ? ತನ್ನ ಶಾಸಕ ಬಾಯಿ ತೆರೆದನೋ, ಆಕಳಿಸಲಷ್ಟೇ ತೆರೆದನೋ ಎಂದು ಕಣ್ಣಾರೆ ತಿಳಿಯಬಹುದಲ್ಲ? ಒಪ್ಪಿದೆ. ಈ ಕೊನೆಯ ವಾದಕ್ಕೆ ನಮ್ಮಲ್ಲಿ ಉತ್ತರವಿಲ್ಲ, ಬೇಕಾಗಿಯೂ ಇಲ್ಲ.

ಆದರೂ ಅಂಗಡಿ ಅಂಗಡಿಯೇ. ಚಾನೆಲ್ಲಿನವರು ಕೇಳದಿದ್ದರೂ ಅವರ ವಿಡಿಯೊಗೆ ಜಾಹೀರಾತು ಹಾಕುವ ಹಕ್ಕನ್ನು ಯೂಟ್ಯೂಬ್ ತನ್ನ ನಿಯಮಗಳಲ್ಲಿ ಬರೆದುಕೊಂಡಿದೆ. 2021ರ ಜೂನ್‌ನಿಂದ ಅದು ನಮಗೂ ಅನ್ವಯ. ಹೊಳೆ ಏರುತ್ತಿದೆ ಎಂಬ ಮಾತಿನ ಮುಂದೆ ಮೊಣಕಾಲು ನೋವಿನ ಎಣ್ಣೆ ಐದು ಸೆಕೆಂಡು ನಿಂತರೆ ಯಾರನ್ನು ಕೇಳುವುದು? ಯಾರ ಫೋನಿಗೆ ಯಾವ ವಿಡಿಯೊ ಎಂದು ತೀರ್ಮಾನಿಸುವುದೂ ಅಂಗಡಿಯೇ. ಅಣ್ಣನಿಗೆ ನಾಯಕರ ಭಾಷಣ, ಅದೇ ಮನೆಯ ತಮ್ಮನಿಗೆ ಎತ್ತಿನಗಾಡಿ ಶರ್ಯತ್ತು. ಒಬಾಮ 2008ರ ನವೆಂಬರ್‌ನಲ್ಲಿ ವಾರದ ಭಾಷಣವನ್ನು ಯೂಟ್ಯೂಬಿಗೆ ಏರಿಸಲು ಶುರುಮಾಡಿದಾಗ ಲೋಕವೆಲ್ಲ ಭಲೆ ಎಂದಿತು. ಮುಂದಿನ ವರ್ಷವೇ ತಕರಾರೆದ್ದಿತು: ಶ್ವೇತಭವನದ ಪುಟ ನೋಡಲು ಹೋದ ಪ್ರಜೆಯ ಗುರುತನ್ನು ಅದೇ ವಿಡಿಯೊದ ನೆಪದಲ್ಲಿ ಕಂಪನಿ ಏಕೆ ಹಿಡಿಯಬೇಕು? ನಮ್ಮ ಸುಪ್ರೀಂ ಕೋರ್ಟಿನ ಚಾನೆಲ್ಲಿಗೆ 2024ರ ಸೆಪ್ಟೆಂಬರ್ 20ರಂದು ಕಳ್ಳರು ನುಗ್ಗಿದರು; ನ್ಯಾಯಪೀಠದ ಜಾಗದಲ್ಲಿ ಕ್ರಿಪ್ಟೊ ಹಣದ ಪ್ರಚಾರ ಓಡಿತು. 2020ರ ಜೂನ್ 29ರ ರಾತ್ರಿ ಟಿಕ್‌ಟಾಕ್ ನಿಷೇಧವಾದಾಗ ಸರ್ಕಾರದ್ದೇ ಆದ ಮೈಗವ್ ಖಾತೆಯೂ ಅದರೊಂದಿಗೆ ಹೋಯಿತು. ಸರ್ಕಾರ ಮುಚ್ಚಿಸಿದ ಮನೆಯಲ್ಲಿ ಸರ್ಕಾರವೂ ಬಾಡಿಗೆಗಿತ್ತು ಎಂಬುದು ಆಮೇಲೆ ನೆನಪಾದ ವಿಷಯ.

ಮೂರನೆಯ ವಿಂಗಡಣೆ ಉತ್ತರಸಹ, ಉತ್ತರರಹಿತ: ಕೇಳುಗ ಮರುಮಾತಾಡಬಹುದಾದದ್ದು ಮೊದಲನೆಯದು, ಕಮೆಂಟು ಮುಚ್ಚಿದ್ದು ಎರಡನೆಯದು. ಇದಕ್ಕೆ ಲಕ್ಷ್ಯ ಹುಡುಕಿ ದೂರ ಹೋಗಬೇಕಿಲ್ಲ. ಮಸಗುಪ್ಪಿಯದೇ ಆದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ 2025ರ ಅಕ್ಟೋಬರ್ ಕೊನೆಗೆ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ನಾಯಕರು ವಿಡಿಯೊದಲ್ಲಿ ಕರಗಿದ್ದು ಸಾಲಲಿಲ್ಲ, ಖುದ್ದು ಬರಬೇಕಾಯಿತು. ಸಚಿವ ಎಚ್.ಕೆ. ಪಾಟೀಲರು ಬಂದರು. ಬಿಜೆಪಿ ರಾಜ್ಯಾಧ್ಯಕ್ಷ ವಿಜಯೇಂದ್ರ ತಮ್ಮ ಹುಟ್ಟುಹಬ್ಬವನ್ನು ಅಲ್ಲೇ ಕಳೆದರು. ಟೆಂಟಿನೊಳಗೆ ಕೂತವರು ಎದುರಿಗಿದ್ದವರನ್ನು ನೇರ ಕೇಳಬಹುದಿತ್ತು, ಕೇಳಿದರು ಕೂಡ. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನಲ್ಲಿ ಸಭೆ ನಡೆಸಿ 3,300 ಎಂದರು. ಆ ಸಂಖ್ಯೆಗೆ ಬಾಲವೊಂದಿತ್ತು: ಸಕ್ಕರೆ ಇಳುವರಿ ಶೇ 11.25 ಇದ್ದರೆ ಆ ದರ, 10.25 ಇದ್ದರೆ 3,200, ಹೆಚ್ಚುವರಿ ಕೊಟ್ಟದ್ದರಲ್ಲಿ 50 ರೂಪಾಯಿ ಸರ್ಕಾರದ ಪಾಲು, 50 ಕಾರ್ಖಾನೆಯದು. ಮೂವತ್ತು ಸೆಕೆಂಡಿನ ರೀಲ್ಸಿನಲ್ಲಿ 3,300 ಉಳಿಯುತ್ತದೆ, ಬಾಲ ಕತ್ತರಿಸಿ ಹೋಗುತ್ತದೆ. ರೈತನ ಬಿಲ್ಲು ಬರುವಾಗ ಮಾತ್ರ ಬಾಲವೂ ಜೊತೆಗೇ ಬರುತ್ತದೆ. ಅತ್ತ ಮುಧೋಳದವರು ಆ ದರ ಒಪ್ಪದೆ ಮತ್ತಷ್ಟು ದಿನ ಕೂತದ್ದು ಬೇರೆ ಅಧ್ಯಾಯ.

ಸಿದ್ಧಾಂತ. ನಾಯಕರು ಅಂಗಡಿಗೆ ಹೋಗಲಿ, ತಡೆಯುವುದು ಬೇಡ, ತಡೆದರೆ ಆ ತಡೆಯ ವಿಡಿಯೊವೂ ಅಲ್ಲೇ ಬರುತ್ತದೆ. ಆದರೆ ಸಂಖ್ಯೆ ಇರುವ ಮಾತು ಮೊದಲು ಜನರ ಜಾಗದಲ್ಲಿ ಬರಲಿ. ಕ್ಯುಸೆಕ್ ಲೆಕ್ಕ ಪಂಚಾಯ್ತಿಯ ಮೈಕಿನಲ್ಲಿ, ಕಬ್ಬಿನ ದರ ಬಾಲಸಮೇತ ಸಹಿ ಮಾಡಿದ ಕಾಗದದಲ್ಲಿ. ವಿಡಿಯೊ ಅದರ ನಕಲಾಗಿ ಆಮೇಲೆ ಹೋಗಲಿ. ಮೂಲಪ್ರತಿ ಸರ್ಕಾರದ ಸ್ವಂತ ಜಾಲತಾಣದಲ್ಲಿ ಜಾಹೀರಾತಿಲ್ಲದೆ ಇರಲಿ. ಕಮೆಂಟು ಮುಚ್ಚಿದವರು ತಿಂಗಳಿಗೊಮ್ಮೆಯಾದರೂ ಊರ ಕಟ್ಟೆಗೆ ಬಂದು ಕೂರಲಿ. ಹಬ್ಬದ ಶುಭಾಶಯಕ್ಕೆ ಈ ನಿಯಮಗಳು ಅನ್ವಯಿಸುವುದಿಲ್ಲ, ಅದನ್ನು ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು.